ಬೇಸಿಗೆ ರಜೆಗೆ ನೀರಾಟದ ಆಟಿಕೆ: ಅಪ್ಪ ಅಮ್ಮ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಎರಡನೇ ವಾರ ಬಂದರೆ ಶಾಲೆಗೆ ರಜೆ. ಆಮೇಲೆ ಮೇ ಮುಗಿಯುವವರೆಗೂ ಮನೆಯಲ್ಲಿ ಒಂದೇ ರಾಗ: "ಅಮ್ಮಾ, ಬೋರು." ಒಂದು ಬಕೆಟ್ ನೀರು ಕೊಟ್ಟರೆ ಮಾತ್ರ ಆ ರಾಗ ನಿಲ್ಲುತ್ತದೆ. ನೀರಿನ ಜೊತೆ ಆಟಿಕೆಯೂ ಬೇಕಲ್ಲ, ಅಂಗಡಿಗೆ ಹೋದರೆ ಪ್ಲಾಸ್ಟಿಕ್ ರಾಶಿ, ಫೋನಿನಲ್ಲಿ ಹುಡುಕಿದರೆ ಅದಕ್ಕಿಂತ ದೊಡ್ಡ ರಾಶಿ. ಯಾವುದನ್ನು ತರಬೇಕು, ಯಾವುದನ್ನು ಮುಟ್ಟಲೇಬಾರದು? ಜನ ಕೇಳುತ್ತಲೇ ಇರುವ ಪ್ರಶ್ನೆಗಳು ಇಲ್ಲಿವೆ.

ಮೊದಲು ಏನು ನೋಡಬೇಕು? ವಯಸ್ಸಾ, ಬೆಲೆಯಾ, ಬ್ರಾಂಡಾ?

ಈ ಮೂರಕ್ಕೂ ಮುಂಚೆ ಇನ್ನೊಂದಿದೆ. ನೀರು ಆಟಿಕೆಯೊಳಗೆ ಹೋಗುತ್ತದೋ, ಮಗು ನೀರೊಳಗೆ ಹೋಗುತ್ತದೋ?

ಪಿಚಕಾರಿ, ಕಪ್, ಜರಡಿ, ನೀರು ಸುರಿದರೆ ತಿರುಗುವ ಚಕ್ರ, ಇವು ಮೊದಲ ಜಾತಿ. ಗಾಳಿ ತುಂಬುವ ಟಬ್ಬು, ಈಜು ರಿಂಗು, ತೇಲುವ ಹಾಸಿಗೆ, ಇವು ಎರಡನೇ ಜಾತಿ. ಮೊದಲನೆಯದಕ್ಕೆ ಅರ್ಧ ಬಕೆಟ್ ನೀರು ಸಾಕು. ಎರಡನೆಯದಕ್ಕೆ ನೂರಾರು ಲೀಟರ್ ಬೇಕು, ಜೊತೆಗೆ ಫೋನು ಬದಿಗಿಟ್ಟು ಪಕ್ಕದಲ್ಲೇ ಕೂರುವ ದೊಡ್ಡವರೊಬ್ಬರು ಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಎರಡನೇ ಜಾತಿಯ ಕಡೆ ಹೋಗಬೇಡಿ. ನನ್ನನ್ನು ಕೇಳಿದರೆ, ಬಹುಪಾಲು ಮನೆಗಳಿಗೆ ಮೊದಲ ಜಾತಿಯೇ ಸಾಕು. ಮಕ್ಕಳು ಅದರಲ್ಲೇ ಜಾಸ್ತಿ ಹೊತ್ತು ಆಡುತ್ತಾರೆ ಕೂಡ.

ಎರಡು ವರ್ಷದ ಮಗುವಿಗೆ ಏನು ಕೊಡಬಹುದು?

ಅಡುಗೆಮನೆಯಿಂದಲೇ ಶುರು ಮಾಡಿ. ಒಂದು ಅಗಲವಾದ ಬೇಸಿನ್, ಎರಡು ಸ್ಟೀಲ್ ಲೋಟ, ಟೀ ಸೋಸುವ ಜರಡಿ, ಎಣ್ಣೆ ಸುರಿಯುವ ಲಾಳಿಕೆ. ಈ ವಯಸ್ಸಿನ ಮಗು ಆಡುವುದನ್ನು ಒಮ್ಮೆ ಸುಮ್ನೆ ಕೂತು ನೋಡಿ. ಲೋಟದಿಂದ ಲೋಟಕ್ಕೆ ಸುರಿಯುತ್ತದೆ, ಮುಕ್ಕಾಲು ಪಾಲು ಕಾಲಿನ ಮೇಲೆ ಚೆಲ್ಲುತ್ತದೆ, ಲೋಟದೊಳಗೆ ಇಣುಕಿ ನೋಡುತ್ತದೆ, ಮತ್ತೆ ಸುರಿಯುತ್ತದೆ. ಜರಡಿಯಲ್ಲಿ ನೀರು ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೂ ಹತ್ತು ಸಲ ತುಂಬುತ್ತದೆ. ಇದಕ್ಕೆ ಸಾವಿರ ರೂಪಾಯಿಯ ನೀರಾಟದ ಮೇಜು (ವಾಟರ್ ಟೇಬಲ್) ಬೇಕಿಲ್ಲ.

ಅಂಗಡಿಯಿಂದ ತರುವುದೇ ಆದರೆ ಗಾತ್ರ ನೋಡಿ. ಮೂರು ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸುವಾಗ ಬಿಡಿ ಭಾಗಗಳನ್ನು 31.7 ಮಿಲಿಮೀಟರ್ ಅಗಲದ ಒಂದು ಕೊಳವೆಗೆ ಹಾಕಿ ನೋಡುತ್ತಾರೆ. ಪೂರ್ತಿ ಒಳಗೆ ಹೋದರೆ ಅದು ಗಂಟಲಿಗೂ ಹೋಗಬಹುದು ಅಂತ ಲೆಕ್ಕ. ನಮ್ಮ 10 ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಆ ನಾಣ್ಯಕ್ಕಿಂತ ಕೊಂಚ ದೊಡ್ಡದಿರುವ ಬಿರಡೆ, ಮುಚ್ಚಳ, ಪುಟ್ಟ ಮೀನು ಎಲ್ಲವೂ ಅನುಮಾನದ ಪಟ್ಟಿಗೇ ಸೇರಲಿ.

ಇನ್ನೊಂದು ಮಾತು. ಆಟ ಮುಗಿದ ಮೇಲೆ ನೀರಿರುವ ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಬರಬೇಡಿ. ಈ ವಯಸ್ಸಿನಲ್ಲಿ ತಲೆಯೇ ಭಾರ. ಬಗ್ಗಿ ನೋಡಲು ಹೋಗಿ ತಲೆಕೆಳಗಾಗಿ ಬಿದ್ದರೆ ಮಗುವಿಗೆ ತಾನಾಗಿ ಏಳಲು ಬರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರಿದ್ದರೆ ಸಾಕು, ಶಬ್ದವೂ ಕೇಳಿಸುವುದಿಲ್ಲ.

ಐದಾರು ವರ್ಷದವನು ವಾಟರ್ ಗನ್ನೇ ಬೇಕು ಅಂತ ಹಟ ಹಿಡಿದಿದ್ದಾನೆ. ಪಿಚಕಾರಿ ಒಳ್ಳೆಯದಾ, ಪಂಪ್ ಗನ್ ಒಳ್ಳೆಯದಾ?

ಪಿಚಕಾರಿ. ಅದರಲ್ಲಿ ಹಿಡಿ ಎಳೆದರೆ ನೀರು ಒಳಗೆ, ತಳ್ಳಿದರೆ ಹೊರಗೆ. ಮಗುವಿನ ತೋಳಿನಲ್ಲಿ ಎಷ್ಟು ಬಲ ಇದೆಯೋ ಅಷ್ಟೇ ರಭಸ. ಪಂಪ್ ಗನ್ನಿನ ಕಥೆ ಬೇರೆ. ಪ್ರತಿ ಸಲ ಪಂಪ್ ಹೊಡೆದಾಗ ಒಳಗಿನ ಗಾಳಿ ಇನ್ನಷ್ಟು ಒತ್ತಿಕೊಳ್ಳುತ್ತದೆ. ಹತ್ತು ಸಲ ಹಾಕಿದ ಬಲವನ್ನು ಗಾಳಿ ಕೂಡಿಟ್ಟುಕೊಂಡು, ಟ್ರಿಗರ್ ಒತ್ತಿದಾಗ ಒಮ್ಮೆಲೇ ಬಿಡುತ್ತದೆ. ಹತ್ತಿರದಿಂದ ಕಣ್ಣಿಗೆ ಬಿದ್ದರೆ ತಮಾಷೆಯಲ್ಲ. ಎಂಟು ಹತ್ತು ವರ್ಷದ, ಹೇಳಿದ ಮಾತು ಕೇಳುವ ಮಕ್ಕಳಿಗೆ ಪಂಪ್ ಗನ್ ಇರಲಿ. "ಕತ್ತಿನಿಂದ ಮೇಲಕ್ಕೆ ಹೊಡೆದವರು ಔಟ್" ಅನ್ನುವುದನ್ನು ಆಟದ ನಿಯಮವನ್ನೇ ಮಾಡಿಬಿಡಿ. ಬೈದು ಹೇಳಿದ್ದನ್ನು ಮರೆಯುತ್ತಾರೆ, ಔಟ್ ಆಗುವುದನ್ನು ಮರೆಯುವುದಿಲ್ಲ.

ಅಂದ ಹಾಗೆ, ಈ ಪಂಪ್ ಗನ್ ಹುಟ್ಟಿದ್ದು ಬೇರೆ ಕೆಲಸದ ನಡುವೆ. ಅಮೆರಿಕದ ಲಾನಿ ಜಾನ್ಸನ್ ನಾಸಾದಲ್ಲೂ ಕೆಲಸ ಮಾಡಿದ ಎಂಜಿನಿಯರ್. 1982ರಲ್ಲಿ ಅವರು ನೀರಿನಿಂದ ಕೆಲಸ ಮಾಡುವ ಹೀಟ್ ಪಂಪ್ (ಬಿಸಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರ) ಒಂದನ್ನು ಮಾಡಲು ಹೊರಟಿದ್ದರು. ಬಾತ್‌ರೂಮಿನ ನಲ್ಲಿಗೆ ನಳಿಕೆ ಜೋಡಿಸಿ ನೋಡುವಾಗ ನೀರು ರಭಸವಾಗಿ ಚಿಮ್ಮಿತು. ಅದೇ ಆಟಿಕೆಯಾಗಿ 1990ರಲ್ಲಿ ಅಂಗಡಿಗೆ ಬಂತು, ಮರುವರ್ಷ ಸೂಪರ್ ಸೋಕರ್ ಅಂತ ಹೆಸರು ಪಡೆಯಿತು.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಗುವಿನ ಕೈಗೆ ಕೊಟ್ಟು ಟ್ರಿಗರ್ ಒತ್ತಿಸಿ ನೋಡಿ. ಹೋಳಿ ಹೊತ್ತಿಗೆ ಬರುವ ಅಗ್ಗದ ಗನ್ನುಗಳ ಟ್ರಿಗರ್ ಎಷ್ಟು ಬಿಗಿ ಇರುತ್ತದೆಂದರೆ, ಕೊನೆಗೆ ಅಪ್ಪನೇ ಆಡಬೇಕಾಗುತ್ತದೆ. ನೀರು ತುಂಬುವ ಬಾಯಿ ಅಗಲವಾಗಿರಲಿ. ಕಿರಿದಾಗಿದ್ದರೆ ಪ್ರತಿ ಎರಡು ನಿಮಿಷಕ್ಕೆ ನಿಮ್ಮನ್ನು ಕೂಗುತ್ತಾರೆ.

ಬ್ಯಾಟರಿ ಗನ್?

ನೀರಿನ ಜೊತೆ ಚಾರ್ಜರ್ ಬೆರೆಸುವುದು ನನಗಂತೂ ಇಷ್ಟವಿಲ್ಲ. ತಂದರೂ ಬ್ಯಾಟರಿ ಡಬ್ಬಿಗೆ ಸ್ಕ್ರೂ ಇರಬೇಕು, ಒದ್ದೆ ಇರುವಾಗ ಚಾರ್ಜಿಗೆ ಹಾಕಬಾರದು. ಗುಂಡಿಯಂಥ ಪುಟ್ಟ ಬಟನ್ ಸೆಲ್ ಇರುವ, ಮಿಣಮಿಣ ಲೈಟಿನ ಆಟಿಕೆ ಪುಟ್ಟ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಆ ಸೆಲ್ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು.

ಗಾಳಿ ತುಂಬುವ ಟಬ್ ತರೋಣ ಅಂತಿದ್ದೇವೆ. ಯಾವ ಸೈಜು?

ಚಿತ್ರ ನೋಡಿ ಕೊಳ್ಳಬೇಡಿ, ಲೀಟರ್ ಲೆಕ್ಕ ಹಾಕಿ. ಮೂರು ಅಡಿ ಅಗಲದ ದುಂಡು ಟಬ್ಬಿಗೆ 15 ಸೆಂಟಿಮೀಟರ್ ನೀರು ಹಾಕಿದರೆ ಸುಮಾರು 95 ಲೀಟರ್. ಐದು ಅಡಿಯದಕ್ಕೆ 20 ಸೆಂಟಿಮೀಟರ್ ಹಾಕಿದರೆ ಸುಮಾರು 360 ಲೀಟರ್. ಅಂದರೆ ಸ್ನಾನದ ಬಕೆಟ್ಟಿನಲ್ಲಿ ಇಪ್ಪತ್ತರ ಹತ್ತಿರ. ಹೊರುವವರು ಯಾರು, ಸುರಿಯುವುದು ಎಲ್ಲಿ ಅಂತ ಮೊದಲೇ ಯೋಚಿಸಿ.

ಒಂದು ಲೀಟರ್ ಅಂದರೆ ಒಂದು ಕೆಜಿ. 360 ಕೆಜಿ ನೀರು, ಅದರೊಳಗೆ ಕುಣಿಯುವ ಮೂವರು ಮಕ್ಕಳು. ಇದನ್ನು ಬಾಲ್ಕನಿಯಲ್ಲಿ ಇಡಬೇಡಿ. ಭಾರದ ಮಾತು ಹಾಗಿರಲಿ, ಟಬ್ಬಿನ ಅಂಚು ಹತ್ತಿದ ಮಗುವಿಗೆ ಬಾಲ್ಕನಿಯ ಕಂಬಿ ಸೊಂಟದೆತ್ತರ ಮಾತ್ರ. ನೆಲ ಸಮತಟ್ಟಾಗಿರುವ ಅಂಗಳವೇ ವಾಸಿ. ಕೆಳಗೆ ಹಳೆ ಜಮಖಾನೆ ಹಾಸಿದರೆ ಕಲ್ಲು ಚುಚ್ಚಿ ತೂತಾಗುವುದಿಲ್ಲ.

ಗಾಳಿ ತುಂಬುವ ಬಾಯಿಯನ್ನೂ ನೋಡಿ. ಬಿರಡೆ ಆಟಿಕೆಗೇ ಅಂಟಿಕೊಂಡಿರಬೇಕು, ಕಿತ್ತು ಕೈಗೆ ಬರಬಾರದು. ತುಂಬಿದ ಮೇಲೆ ಒತ್ತಿದರೆ ಒಳಗೆ ಕೂರಬೇಕು. ಬಿರಡೆ ತೆಗೆದ ಕೂಡಲೇ ಬುಸ್ಸೆಂದು ಎಲ್ಲ ಗಾಳಿ ಹೋದರೆ ಒಳಗಿನ ವಾಲ್ವ್ ಸರಿಯಿಲ್ಲ ಅಂತಲೇ ಅರ್ಥ. ಗಾಳಿ ತುಂಬುವ ಕರೆಂಟ್ ಪಂಪನ್ನು ನೀರು ಹಾಕುವ ಮುಂಚೆಯೇ ಬಳಸಿ ಒಳಗಿಟ್ಟುಬಿಡಿ.

ಕುಡಿಯುವ ನೀರಿಗೇ ಟ್ಯಾಂಕರ್ ಕಾಯುತ್ತೇವೆ. ಮಕ್ಕಳ ಆಟಕ್ಕೆ ನೀರು ಚೆಲ್ಲುವುದು ಸರಿಯಾ?

ನ್ಯಾಯವಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಅಂಥ ವರ್ಷ ಮತ್ತೆ ಬರುವುದಿಲ್ಲ ಅಂತ ಯಾರೂ ಹೇಳಲಾರರು.

ಹಾಗಂತ ಮಕ್ಕಳಿಗೆ ನೀರೇ ಬೇಡ ಅನ್ನಬೇಕಿಲ್ಲ, ಆಟಿಕೆ ಬದಲಿಸಿದರೆ ಸಾಕು. ಪೈಪಿಗೆ ಸಿಕ್ಕಿಸುವ ಕಾರಂಜಿ ಹಾಸು, ಸ್ಪ್ರಿಂಕ್ಲರ್ ಮ್ಯಾಟ್, ಇವು ನೋಡಲು ಚೆಂದ. ನಲ್ಲಿ ತಿರುಗಿಸಿದಷ್ಟು ಹೊತ್ತೂ ನೀರು ಹೋಗುತ್ತಲೇ ಇರುತ್ತದೆ, ಅದೇ ತೊಂದರೆ. ನಿಮ್ಮ ಪೈಪನ್ನು ಒಮ್ಮೆ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿ. 15 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ ಅರ್ಧ ಗಂಟೆಗೆ 450 ಲೀಟರ್. ಅದೇ ಮೂರು ಮಕ್ಕಳಿಗೆ ಮೂರು ಪಿಚಕಾರಿ, ಒಂದು ಬಕೆಟ್ ನೀರು, "ಖಾಲಿಯಾದರೆ ಆಟ ಮುಗೀತು" ಅನ್ನುವ ಷರತ್ತು ಕೊಟ್ಟು ನೋಡಿ. ಎಷ್ಟು ಜೋಪಾನ ಮಾಡುತ್ತಾರೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ. ಗಿಡಗಳ ನಡುವೆ ನಿಲ್ಲಿಸಿ ಆಡಿಸಿದರೆ ಚೆಲ್ಲಿದ್ದೂ ಬೇರಿಗೇ ಹೋಗುತ್ತದೆ. ಟಬ್ಬಿನ ನೀರಾದರೆ ಸಂಜೆ ಅಂಗಳ ತೊಳೆಯಲು, ಟಾಯ್ಲೆಟ್ಟಿಗೆ ಸುರಿಯಲು ಆಗುತ್ತದೆ.

ಅಪಾರ್ಟ್‌ಮೆಂಟಿನ ಗಾರ್ಡನ್ ಪೈಪಿನಲ್ಲಿ ಮಕ್ಕಳು ಆಡಬಹುದಾ?

ಕೇಳದೆ ಬೇಡ. ಇದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ ಇರುತ್ತದೆ. ಫ್ಲಶ್ ಮತ್ತು ಬಚ್ಚಲಿನ ಕೊಳಚೆ ನೀರನ್ನು ಅಲ್ಲಿ ಶುದ್ಧ ಮಾಡಿ ಗಿಡಗಳಿಗೆ, ಟಾಯ್ಲೆಟ್ಟಿಗೆ ಮತ್ತೆ ಬಿಡುತ್ತಾರೆ. ಹುಲ್ಲುಹಾಸಿನ ಪಕ್ಕದ ನಲ್ಲಿಯಲ್ಲಿ ಬರುವುದು ಆ ನೀರೇ ಇರಬಹುದು. ನೋಡಲು ತಿಳಿಯಾಗಿಯೇ ಇರುತ್ತದೆ. ಹುಲ್ಲಿಗೆ ಅದು ಸರಿ, ಮಗುವಿನ ಬಾಯಿಗೆ ಸರಿಯಲ್ಲ. ಪೈಪ್ ಕೈಗೆ ಸಿಕ್ಕಿದ ಮಗು ಒಂದು ಗುಟುಕಾದರೂ ಕುಡಿಯದೆ ಬಿಡುತ್ತದಾ ಹೇಳಿ. ಮೇಂಟೆನೆನ್ಸ್‌ನವರನ್ನೋ ಪ್ಲಂಬರನ್ನೋ ಕೇಳಿ ಯಾವ ನಲ್ಲಿಗೆ ಯಾವ ನೀರು ಬರುತ್ತದೆ ಅಂತ ತಿಳಿದುಕೊಳ್ಳಿ. ಗೊತ್ತಾದ ಮೇಲೆ ಅಸೋಸಿಯೇಷನ್ನಿಗೆ ಹೇಳಿ ಆ ನಲ್ಲಿಯ ಮೇಲೆ ಕನ್ನಡದಲ್ಲೂ ಒಂದು ಬೋರ್ಡ್ ಹಾಕಿಸಿ.

ಐಎಸ್‌ಐ ಗುರುತು ಆಟಿಕೆಗೂ ಇರುತ್ತದಾ?

ಇರಲೇಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ಬ್ಯಾಟರಿ, ಕರೆಂಟ್ ಇಲ್ಲದ ಆಟಿಕೆಯಾದರೆ ಗುರುತಿನ ಜೊತೆ ಐಎಸ್ 9873 ಅಂತ, ಇರುವುದಾದರೆ ಐಎಸ್ 15644 ಅಂತ ಬರೆದಿರುತ್ತದೆ. ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಈ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾರದ್ದು ಅಂತ ಗೊತ್ತಾಗುತ್ತದೆ. ಜಾತ್ರೆಯಲ್ಲಿ, ಸಿಗ್ನಲ್ಲಿನಲ್ಲಿ ಮಾರುವ ಪಿಚಕಾರಿಯ ಮೇಲೆ ಇದೆಲ್ಲ ಹುಡುಕಿದರೆ ಸಿಗುವುದು ಕಷ್ಟ. ಮೂಗಿಗೆ ಹಿಡಿದು ನೋಡಿ, ಪೆಟ್ರೋಲಿನಂಥ ಘಾಟು ಬಂದರೆ ವಾಪಸ್ ಕೊಡಿ. ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ಅದು ಒಳ್ಳೆಯದು ಅಂತಲೂ ಅಲ್ಲ.

ಚನ್ನಪಟ್ಟಣದ ಗೊಂಬೆ ನೀರಿಗೆ ಹಾಕಬಹುದಾ?

ಬೇಡ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗು ಒತ್ತಿ ಬಣ್ಣ ಹತ್ತಿಸಿದ ಗೊಂಬೆ ಅದು. ಒಣಗಿದ್ದಷ್ಟು ಕಾಲ ಚೆನ್ನ. ನೆನೆಸಿಟ್ಟರೆ ಮರ ಉಬ್ಬಿ ಅರಗು ಬಿರುಕು ಬಿಡುತ್ತದೆ.

ವಾಟರ್ ಬಲೂನ್?

ದೊಡ್ಡ ಮಕ್ಕಳಿಗೆ, ಬಯಲಿನಲ್ಲಿ, ಮುಖಕ್ಕೆ ಹೊಡೆಯದಂತೆ. ಆಟ ಮುಗಿದ ಮೇಲೆ ಒಡೆದ ಚೂರುಗಳನ್ನೆಲ್ಲ ಹೆಕ್ಕಬೇಕು. ಒದ್ದೆ ರಬ್ಬರ್ ಚೂರು ಪುಟ್ಟ ಮಗುವಿನ ಗಂಟಲಿಗೆ ಅಂಟಿಕೊಂಡರೆ ಉಸಿರೇ ನಿಲ್ಲುತ್ತದೆ.

ಈಗ ಮತ್ತೆ ಮತ್ತೆ ತುಂಬಬಹುದಾದ ಸಿಲಿಕೋನ್ ಚೆಂಡುಗಳೂ ಬಂದಿವೆ. ಎರಡು ಹೋಳು, ನೀರಲ್ಲಿ ಅದ್ದಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಸ ಕಡಿಮೆ, ಒಳ್ಳೆಯದೇ. ಆದರೆ ಕೆಲವು ಮುಚ್ಚಿಕೊಳ್ಳುವುದು ಅಂಚಿನಲ್ಲಿ ಹುದುಗಿಸಿದ ಪುಟ್ಟ ಅಯಸ್ಕಾಂತಗಳಿಂದ. ಸಿಲಿಕೋನ್ ಹರಿದು ಎರಡು ಅಯಸ್ಕಾಂತ ಮಗುವಿನ ಹೊಟ್ಟೆ ಸೇರಿದರೆ, ಕರುಳಿನ ಎರಡು ಸುತ್ತುಗಳನ್ನು ನಡುವೆ ಹಿಡಿದು ತೂತು ಮಾಡಿಬಿಡುತ್ತವೆ. ಅಂಚು ಹರಿದ ಚೆಂಡನ್ನು ಅಂದೇ ಬಿಸಾಕಿ.

ನೀರಲ್ಲಿ ಊದುವ ಜೆಲ್ಲಿ ಬಾಲ್, ಮ್ಯಾಜಿಕ್ ಬಾಲ್?

ಮನೆಗೇ ತರಬೇಡಿ. ಸಾಸಿವೆ ಗಾತ್ರದ ಕಾಳು ನೀರು ಹೀರಿ ಗೋಲಿಯಷ್ಟಾಗುತ್ತದೆ. ಹೊಟ್ಟೆಯೊಳಗೂ ಅದೇ ಕೆಲಸ ಮಾಡುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಹಾಗಾಗಿ ಮಗು ನುಂಗಿದ ಅನುಮಾನ ಬಂದರೆ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಅಮೆರಿಕದಲ್ಲಿ ದೊಡ್ಡ ಅಂಗಡಿಗಳೇ 2023ರ ಡಿಸೆಂಬರ್ ಹೊತ್ತಿಗೆ ಇವನ್ನು ಮಕ್ಕಳ ಆಟಿಕೆಯಾಗಿ ಮಾರುವುದನ್ನು ನಿಲ್ಲಿಸಿದವು.

ರಬ್ಬರ್ ಬಾತುಕೋಳಿ ಒತ್ತಿದರೆ ಕಪ್ಪು ಕಪ್ಪಾಗಿ ಏನೋ ಬರುತ್ತಿದೆ. ಏನದು?

ಬೂಷ್ಟು. ಹೊಟ್ಟೆಯಡಿ ತೂತಿರುವ ಆಟಿಕೆಯೊಳಗೆ ನೀರು ಹೋಗುತ್ತದೆ, ಪೂರ್ತಿ ಬರುವುದಿಲ್ಲ, ಒಣಗುವುದೂ ಇಲ್ಲ. 2018ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಸಂಶೋಧಕರು ಇಂಥ ಬಾತುಗಳನ್ನು ಕತ್ತರಿಸಿ ನೋಡಿದಾಗ ಒಳಗೋಡೆಯ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ದಪ್ಪ ಪದರವೇ ಇತ್ತು. ಆ ನೀರನ್ನೇ ಮಕ್ಕಳು ಪರಸ್ಪರ ಮುಖಕ್ಕೆ ಚಿಮ್ಮಿಸುತ್ತಾರೆ. ಕಪ್ಪು ಬಂದ ಮೇಲೆ ತೊಳೆದು ಪ್ರಯೋಜನವಿಲ್ಲ, ಎಸೆಯಿರಿ. ಮುಂದಿನ ಸಲ ತೂತಿಲ್ಲದ್ದನ್ನು ತನ್ನಿ, ಇಲ್ಲವೇ ಎರಡು ಭಾಗವಾಗಿ ಬಿಚ್ಚಿ ತೊಳೆಯುವಂಥದ್ದು.

ತೂತಿಲ್ಲದ ಬಾತು ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದು ಕಥೆಯೇ ಇದೆ. 1992ರ ಜನವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಅಮೆರಿಕಕ್ಕೆ ಹೊರಟ ಹಡಗಿನಿಂದ ಪೆಸಿಫಿಕ್ ಸಾಗರಕ್ಕೆ ಬಿದ್ದ ಕಂಟೇನರ್ ಒಂದರಲ್ಲಿ 28,800 ಸ್ನಾನದ ಆಟಿಕೆಗಳಿದ್ದವು. ಹಳದಿ ಬಾತು, ಹಸಿರು ಕಪ್ಪೆ, ನೀಲಿ ಆಮೆ, ಕೆಂಪು ಬೀವರ್. ತೂತಿಲ್ಲದ್ದರಿಂದ ಮುಳುಗದೆ ವರ್ಷಗಟ್ಟಲೆ ತೇಲಿದವು. ಅವು ಎಲ್ಲೆಲ್ಲಿ ದಡ ಸೇರಿದವು ಅಂತ ಗುರುತು ಹಾಕಿ ವಿಜ್ಞಾನಿಗಳು ಸಾಗರದ ಪ್ರವಾಹಗಳ ಲೆಕ್ಕ ಹಾಕಿದರು.

ದುಡ್ಡು ಖರ್ಚು ಮಾಡದೆ ಮನೆಯಲ್ಲೇ ಏನು ಮಾಡಬಹುದು?

ಬೇಕಾದಷ್ಟಿದೆ. ಅಡಿಕೆ ಹಾಳೆಯ ದೋಣಿ, ಕಲ್ಲು ಕಟ್ಟಿ ಮುಳುಗಿಸುವ ತೆಂಗಿನ ಗರಟೆ, ಮುಚ್ಚಳಕ್ಕೆ ಬಿಸಿ ಮೊಳೆಯಿಂದ ತೂತು ಮಾಡಿದ ನೀರಿನ ಬಾಟಲಿ. ಮಲೆನಾಡಿನ ಕಡೆ ಸಣ್ಣ ಬಿದಿರಿನ ಗೆಣ್ಣು ಕತ್ತರಿಸಿ, ಕಡ್ಡಿಗೆ ಬಟ್ಟೆ ಸುತ್ತಿದರೆ ಪಿಚಕಾರಿ ರೆಡಿ. ಬಟ್ಟೆ ಒದ್ದೆಯಾಗಿ ಉಬ್ಬಿದ ಮೇಲೆ ಬಿಗಿಯಾಗುತ್ತದೆ. ಮೊದಲೇ ಬಿಗಿಯಾಗಿ ಸುತ್ತಿದರೆ ಎಳೆಯಲೂ ಆಗುವುದಿಲ್ಲ. ಫಿನಾಯಿಲ್, ಆ್ಯಸಿಡ್, ಔಷಧಿ ಹೊಡೆಯುವ ಡಬ್ಬಿಗಳನ್ನು ಎಷ್ಟೇ ತೊಳೆದರೂ ಆಟಕ್ಕೆ ಕೊಡಬೇಡಿ.

ಗುಳ್ಳೆ ಬಿಡಲು ಅಂಟುವಾಳ ಕಾಯಿ ನೆನೆಸಿದ ನೀರು, ಪರಂಗಿ ಎಲೆಯ ದಂಟು. ಅಜ್ಜಿಯಂದಿರಿಗೆ ಗೊತ್ತಿರುವ ಆಟ. ದಂಟಿನ ಹಾಲು ತುರಿಸುತ್ತದೆ, ಒಮ್ಮೆ ತೊಳೆದು ಕೊಡಿ. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಜೋರು ಉರಿ, ಹಾಗಾಗಿ ತೆಳ್ಳಗಿರಲಿ. ಇನ್ನು ಬೇಲಿಯ ಕಾಡುಹರಳಿನ ದಂಟು ಮುರಿದು ಅದರ ಹಾಲಿನಲ್ಲಿ ಗುಳ್ಳೆ ಬಿಡುವ ಆಟವೂ ಇದೆ. ಅದನ್ನು ಮಾತ್ರ ಬಿಡಿಸಿ. ಆ ಗಿಡದ ಬೀಜ ವಿಷ, ಗುಳ್ಳೆ ಬಿಡಲು ಹೋದ ಮಕ್ಕಳು ಬೀಜ ತಿಂದು ನೋಡದೆ ಬರುವುದಿಲ್ಲ.

ಓಕುಳಿ ಆಡಿಸಬಹುದಾ?

ಆಡಿಸಿ, ಆದರೆ ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರನ್ನು ಪಿಚಕಾರಿಗೆ ತುಂಬಬೇಡಿ. ಸುಣ್ಣ ಕಣ್ಣನ್ನು ಸುಡುತ್ತದೆ. ಬೀಟ್‌ರೂಟ್ ನೀರು ಸಾಕು. ಮುತ್ತುಗದ ಹೂವು ಒಣಗಿಸಿ ಇಟ್ಟಿದ್ದರೆ ಕುದಿಸಿ ಸೋಸಿ, ಚೆಂದದ ಕಿತ್ತಳೆ ಬಣ್ಣ ಬರುತ್ತದೆ. ಯಾವ ಬಣ್ಣವೇ ಆಗಲಿ, ಬಿಳಿ ಬಟ್ಟೆಯ ಆಸೆ ಬಿಡಿ.

ರಜೆಗೆ ಊರಿಗೆ ಹೋಗುತ್ತೇವೆ. ಈಜು ರಿಂಗು ತಗೊಂಡು ಹೋದರೆ ಕೆರೆ, ಬಾವಿಯಲ್ಲಿ ಮಕ್ಕಳನ್ನು ಬಿಡಬಹುದಲ್ವಾ?

ಇಲ್ಲ. ರಿಂಗು, ತೋಳಿಗೆ ಹಾಕುವ ಬಲೂನು ಜೀವ ಉಳಿಸುವ ಸಾಧನವಲ್ಲ ಅಂತ ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತದೆ, ಸಣ್ಣ ಅಕ್ಷರದಲ್ಲಿ. ಮಗು ಅದರಿಂದ ಜಾರಬಹುದು, ಅದು ಮಗುಚಬಹುದು. ಹಿಂದೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಈಜು ಕಲಿಸುವಾಗ ಮಾವನೋ ದೊಡ್ಡಪ್ಪನೋ ನೀರಿನಲ್ಲೇ ಇರುತ್ತಿದ್ದರು. ಮಗುವನ್ನು ಕಾಯುತ್ತಿದ್ದದ್ದು ಬುರುಡೆಯಲ್ಲ, ಅವರು.

ಕೃಷಿ ಹೊಂಡದ ವಿಷಯ ಬೇರೆಯಾಗಿಯೇ ಹೇಳಬೇಕು. ಬಯಲುಸೀಮೆಯಲ್ಲಿ ಈಗ ಊರೂರಲ್ಲೂ ಇದೆ. ತಾಡಪಾಲು ಹಾಸಿ ನೀರು ನಿಲ್ಲಿಸಿರುತ್ತಾರೆ. ಪಟ್ಟಣದ ಮಗುವಿನ ಕಣ್ಣಿಗೆ ಅದು ಥೇಟ್ ಸ್ವಿಮ್ಮಿಂಗ್ ಪೂಲ್. ಇಳಿಜಾರಿನ ಆ ಹಾಳೆ ಒದ್ದೆಯಾದರೆ ಪಾಚಿ ಕಲ್ಲಿಗಿಂತ ಜಾರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಈಜು ಬರುವವರೇ ಮೇಲೆ ಹತ್ತಲಾಗದೆ ಸೋತುಹೋಗುತ್ತಾರೆ. ಊರಿಗೆ ಹೋದ ದಿನವೇ ಮಕ್ಕಳನ್ನು ಕರೆದುಕೊಂಡು ಹೋಗಿ ದೂರದಿಂದ ತೋರಿಸಿ, ಯಾಕೆ ಇಳಿಯಬಾರದು ಅಂತ ಹೇಳಿ. ಹೊಂಡ ನಿಮ್ಮವರದ್ದೇ ಆದರೆ ಸುತ್ತ ಬೇಲಿ ಹಾಕಿಸಿ. ದಡದ ಗೂಟಕ್ಕೆ ಕಟ್ಟಿದ ಗಂಟು ಗಂಟಿನ ಹಗ್ಗ ಯಾವಾಗಲೂ ನೀರಿನವರೆಗೆ ಇಳಿಬಿದ್ದಿರಲಿ. ಜೊತೆಗೆ ಬಿದ್ದವರು ಹಿಡಿದು ತೇಲಲು ಬಾಯಿ ಬಿಗಿದ ಒಂದು ಖಾಲಿ ಕ್ಯಾನು ಕೈಗೆ ಸಿಗುವಂತಿರಲಿ.

ಯಾವ ಹೊತ್ತಿನಲ್ಲಿ ಆಡಿಸಬೇಕು?

ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ. ಮಧ್ಯಾಹ್ನ ಬಿಸಿಲಿಗೆ ಬಿದ್ದಿದ್ದ ಪೈಪಿನಲ್ಲಿ ಮೊದಲು ಬರುವ ನೀರು ಕೈ ಸುಡುವಷ್ಟಿರುತ್ತದೆ. ನಿಮ್ಮ ಕೈಗೆ ಬಿಟ್ಟು ನೋಡಿ ಆಮೇಲೆ ಮಗುವಿಗೆ ಕೊಡಿ. ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರಲ್ಲೇ ಇದ್ದರೂ ಮಕ್ಕಳಿಗೆ ದಾಹವಾಗುತ್ತದೆ, ಆಟದ ಮಧ್ಯೆ ಮಜ್ಜಿಗೆಯೋ ಪಾನಕವೋ ಕೊಟ್ಟಿರಿ.

ಆಟ ಮುಗಿದ ಮೇಲೆ ಆಟಿಕೆಗಳನ್ನು ಹೇಗೆ ಇಡುವುದು?

ನೀರು ಪೂರ್ತಿ ಚೆಲ್ಲಿ, ಬೋರಲು ಹಾಕಿ, ನೆರಳಲ್ಲಿ ಒಣಗಿಸಿ. ಬಿಸಿಲಲ್ಲೇ ಬಿಟ್ಟರೆ ಪ್ಲಾಸ್ಟಿಕ್ ಒಂದೇ ಬೇಸಿಗೆಗೆ ಪುಡಿಪುಡಿ. ಟಬ್ಬಿನಲ್ಲಿ ನೀರು ಬಿಟ್ಟು ಮರೆತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವಂತ ಇರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ನಾರು ಹಾಕಿ ಒಳಗೋಡೆ ಉಜ್ಜಬೇಕು. ಮೊದಲ ಮುಂಗಾರು ಮಳೆಗೆ ಮುಂಚೆ ಅಂಗಳ, ತಾರಸಿ ಎಲ್ಲ ಒಂದು ಸುತ್ತು ಹೊಡೆಯಿರಿ. ಮಡಕೆ ಬುಡದಲ್ಲಿ, ಸೈಕಲ್ ಹಿಂದೆ, ನೀರಿನ ಟ್ಯಾಂಕಿನ ಪಕ್ಕ, ಮಕ್ಕಳು ಬಿಟ್ಟ ಕಪ್, ದೋಣಿ, ಪಿಚಕಾರಿ ಅಲ್ಲೆಲ್ಲ ಸಿಗುತ್ತವೆ. ಒಡೆದದ್ದನ್ನು ಒಣಕಸಕ್ಕೆ ಹಾಕಿ, ಸರಿಯಿರುವುದನ್ನು ಒಂದು ಜಾಲರಿ ಚೀಲಕ್ಕೆ ತುಂಬಿ ಅಟ್ಟದ ಮೇಲೆ ನೇತುಹಾಕಿ.